ಮರಲಿಂಗದ ಮಣ್ಣು: ಎಷ್ಟು ತೆಗೆದರೆ ಸಾಕು?

ಅಣುಬಾಂಬ್ ಪರೀಕ್ಷೆ ನಡೆದ ನೆಲವನ್ನು ಶುದ್ಧಗೊಳಿಸುವ ಕೆಲಸ ವಿಕಿರಣ ಅಳೆಯುವುದರಿಂದ ಶುರುವಾಗುತ್ತದೆ ಎಂದೇ ಹೆಚ್ಚಿನವರ ಎಣಿಕೆ. ವಿಕಿರಣ ಜಾಸ್ತಿ ಇರುವ ಕಡೆ ಮಣ್ಣು ಕೆರೆದು ಹೂತರೆ ಮುಗಿಯಿತಲ್ಲ! ದಕ್ಷಿಣ ಆಸ್ಟ್ರೇಲಿಯಾದ ಮರಲಿಂಗದಲ್ಲಿ ನಡೆದದ್ದನ್ನು ನೋಡಿದರೆ ಈ ಕ್ರಮವೇ ತಿರುವುಮುರುವು ಅನ್ನಿಸುತ್ತದೆ. ಆ ನೆಲದಲ್ಲಿ ಯಾರು ಬದುಕುತ್ತಾರೆ, ಹೇಗೆ ಬದುಕುತ್ತಾರೆ ಎಂಬುದು ಮೊದಲು ಗೊತ್ತಾಗಬೇಕು; ಮಣ್ಣಿನ ಲೆಕ್ಕ ಆಮೇಲಿನದು.

ಬ್ರಿಟನ್ 1956 ಮತ್ತು 1957ರಲ್ಲಿ ಅಲ್ಲಿ ಏಳು ಅಣುಬಾಂಬ್‌ಗಳನ್ನು ಸಿಡಿಸಿತು. ಆದರೆ ನೆಲಕ್ಕೆ ದೀರ್ಘಕಾಲದ ಪೀಡೆ ಅಂಟಿಸಿದ್ದು ಕಾಗದಪತ್ರಗಳಲ್ಲಿ ‘ಸಣ್ಣ ಪ್ರಯೋಗ’ ಎನಿಸಿಕೊಂಡವು. ಟರನಾಕಿ ಎಂಬ ಜಾಗದಲ್ಲಿ ಮಾಮೂಲಿ ಸ್ಫೋಟಕಗಳನ್ನು ಬಳಸಿ ನಡೆಸಿದ ಈ ಪ್ರಯೋಗಗಳಿಂದ ಸುಮಾರು 22 ಕಿಲೋ ಪ್ಲುಟೋನಿಯಂ ಬಯಲಿನ ಮೇಲೆ ಚೆಲ್ಲಾಡಿಹೋಯಿತು. ಅದರ ಅರ್ಧಾಯುಷ್ಯ 24 ಸಾವಿರ ವರ್ಷ. 1967ರಲ್ಲಿ ಬ್ರಿಟನ್ ಮೇಲ್ಮಣ್ಣನ್ನು ಉಳುಮೆ ಮಾಡಿ ಕೆಳಮಣ್ಣಿಗೆ ಬೆರೆಸಿತು, ಕಸ ತುಂಬಿದ ಗುಂಡಿಗಳಿಗೆ ಕಾಂಕ್ರೀಟ್ ಹೊದಿಸಿತು, ಹೊರಟುಹೋಯಿತು. ಮರುವರ್ಷ ಆಸ್ಟ್ರೇಲಿಯಾ ಸರ್ಕಾರ ಅದನ್ನು ಹೊಣೆಯಿಂದ ಬಿಡುಗಡೆಯನ್ನೂ ಮಾಡಿತು. ಜನವಿಲ್ಲದ ಜಾಗ ಎಂದು ಎಣಿಸಿ ಮಾಡಿದ ಯೋಜನೆ ಅದು. 1984ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಪರೀಕ್ಷಿಸಿದಾಗ ಪ್ಲುಟೋನಿಯಂ ಮೆತ್ತಿದ ಚೂರುಗಳು ನೆಲದ ಮೇಲೆಯೇ ಬಿದ್ದಿದ್ದವು. ಅಷ್ಟರಲ್ಲಿ ಮರಲಿಂಗ ತ್ಜರುತ್ಜ ಮೂಲನಿವಾಸಿಗಳು ತಮ್ಮ ನೆಲಕ್ಕೆ ಮರಳತೊಡಗಿದ್ದರು.

ಆಮೇಲಿನ ಅಧ್ಯಯನ ಕೇಳಿದ್ದು ಬೇರೆಯೇ ಪ್ರಶ್ನೆ. ಪ್ಲುಟೋನಿಯಂ ಹೊರಸೂಸುವ ಆಲ್ಫಾ ಕಣಗಳನ್ನು ಒಂದು ಕಾಗದದ ಹಾಳೆ, ನಮ್ಮ ಚರ್ಮ ಕೂಡ ತಡೆಯುತ್ತದೆ. ಅಪಾಯವಿರುವುದು ಪ್ಲುಟೋನಿಯಂ ದೂಳಿನ ಜೊತೆ ಶ್ವಾಸಕೋಶಕ್ಕೆ ಇಳಿದಾಗ. ಹಾಗಾದರೆ ಯಾರು ಎಷ್ಟು ದೂಳು ಉಸಿರಾಡುತ್ತಾರೆ ಎಂಬುದೇ ಲೆಕ್ಕದ ಬುಡ. ಕಾರಿನಲ್ಲಿ ಬಂದುಹೋಗುವ ಪ್ರವಾಸಿಗೂ, ಬಯಲಲ್ಲಿ ಮಲಗಿ, ಬೆಂಕಿ ಹಾಕಿ, ಕಾಂಗರೂ ಬೇಟೆಯಾಡಿ ಬೂದಿಯಲ್ಲಿ ಸುಟ್ಟು ತಿನ್ನುವ ಕುಟುಂಬಕ್ಕೂ, ದಿನವಿಡೀ ಮಣ್ಣಲ್ಲಿ ಆಡುವ ಅದರ ಮಕ್ಕಳಿಗೂ ಒಂದೇ ಅಂಕಿ ಹೊಂದುವುದಿಲ್ಲ. ಅಂಥ ಬದುಕನ್ನೇ ಅಳತೆಗೋಲಾಗಿಟ್ಟು, ಮೈಗೆ ತಾಗುವ ವಿಕಿರಣಕ್ಕೆ ವರ್ಷಕ್ಕೆ 5 ಮಿಲಿಸೀವರ್ಟ್ ಮಿತಿ ಹಾಕಿಕೊಂಡರು. ನೆಲದಲ್ಲಿ ಪ್ಲುಟೋನಿಯಂ ಎಲ್ಲಿದೆಯೆಂದು ನೇರವಾಗಿ ಕಾಣುವುದು ಕಷ್ಟ. ಅದರ ಜೊತೆಗೇ ಇರುವ ಅಮೆರಿಸಿಯಂ-241 ಹೊಮ್ಮಿಸುವ ಗಾಮಾ ಕಿರಣವನ್ನು ಹಿಡಿದು ನಕ್ಷೆ ಬರೆದರು (ಕಳ್ಳನ ಸುಳಿವು ಅವನ ಗೆಳೆಯನಿಂದ ಸಿಕ್ಕ ಹಾಗೆ). ಹೀಗೆ 2000ನೇ ಇಸವಿಯ ಹೊತ್ತಿಗೆ ಸುಮಾರು ಎರಡು ಚದರ ಕಿಲೋಮೀಟರ್ ಮೇಲ್ಮಣ್ಣು ಕಂದಕ ಸೇರಿತು. ಸುತ್ತಲಿನ ನೂರಕ್ಕೂ ಹೆಚ್ಚು ಚದರ ಕಿಲೋಮೀಟರ್‌ಗೆ ಗಡಿಗಂಬ ನೆಟ್ಟರು: ಹಾದುಹೋಗಬಹುದು, ಬೇಟೆಯಾಡಬಹುದು, ಬಿಡಾರ ಹೂಡುವಂತಿಲ್ಲ.

ಅದನ್ನೂ ಪೂರ್ತಿ ಕೆರೆಯಬಾರದಿತ್ತೇ? ಈ ಆಕ್ಷೇಪಕ್ಕೆ ಹಣವೊಂದೇ ಉತ್ತರವಲ್ಲ. ಮರುಭೂಮಿಯ ತೆಳು ಮೇಲ್ಮಣ್ಣು ಹೋದರೆ ಗಿಡಗಂಟಿಯೂ ಹೋಗುತ್ತದೆ, ದೂಳು ಹೆಚ್ಚುತ್ತದೆ. ಯಾವ ದೂಳನ್ನು ತಡೆಯಲು ಹೊರಟೆವೋ ಅದನ್ನೇ ಎಬ್ಬಿಸಿದಂತಾದೀತು. ಸಾರ್ವಜನಿಕರಿಗೆ ಸಾಮಾನ್ಯವಾಗಿ ಇಡುವ ಮಿತಿ 1 ಮಿಲಿಸೀವರ್ಟ್ ಇರುವಾಗ ಇಲ್ಲೇಕೆ 5 ಎಂಬುದಕ್ಕೆ ಸಿಗುವ ಸಮಜಾಯಿಷಿ ಇಷ್ಟು: ಇದು ನಿರ್ಬಂಧದ ಗಡಿಯಲ್ಲೇ ವರ್ಷವಿಡೀ ನೆಲೆಸಿದವರ ಲೆಕ್ಕ, ಹಾಗೆ ನೆಲೆಸುವವರು ವಿರಳ. ನನಗೆ ಇದು ಅರ್ಧ ಉತ್ತರವಾಗಿ ಕಾಣುತ್ತದೆ. ಜನರ ಬದುಕನ್ನು ಅಳತೆಗೋಲು ಮಾಡಿದ ಮೇಲೆ ಅವರು ಆ ಗಡಿಯಲ್ಲಿ ಇರಲಾರರು ಎಂದು ರಿಯಾಯಿತಿ ಪಡೆಯುವುದು ಸರಿಹೊಂದದು.

ಇದಕ್ಕಿಂತ ತೂಕದ ಟೀಕೆ ಯೋಜನೆಯಲ್ಲೇ ಕೆಲಸ ಮಾಡಿದ್ದ ಎಂಜಿನಿಯರ್ ಅಲನ್ ಪಾರ್ಕಿನ್ಸನ್ ಅವರದು. ಟರನಾಕಿಯ ಗುಂಡಿಗಳಲ್ಲಿನ ಕಸವನ್ನು ವಿದ್ಯುತ್ತಿನಿಂದ ಕರಗಿಸಿ ಗಾಜಿನಂತೆ ಗಟ್ಟಿ ಮಾಡುವುದು ಮೊದಲ ಯೋಚನೆ. 1999ರಲ್ಲಿ ಹಾಗೆ ಕರಗಿಸುತ್ತಿದ್ದಾಗ ಒಂದು ಗುಂಡಿ ಸ್ಫೋಟಿಸಿತು; ಆ ವಿಧಾನವನ್ನೇ ಕೈಬಿಟ್ಟು ಉಳಿದದ್ದನ್ನು ಅಗೆದು ಕಂದಕದಲ್ಲಿ ಹೂತರು. ಪಾರ್ಕಿನ್ಸನ್ ಅವರ ಆಕ್ಷೇಪ ಇದಕ್ಕೇ. ಮೇಲೆ ಕನಿಷ್ಠ ಐದು ಮೀಟರ್ ಶುದ್ಧ ಮಣ್ಣಿದೆ, ತಳಕ್ಕೆ ಯಾವ ಹೊದಿಕೆಯೂ ಇಲ್ಲ. ಮಳೆ ಅಪರೂಪದ ಆ ನೆಲದಲ್ಲಿ ಪ್ಲುಟೋನಿಯಂ ಸುಲಭವಾಗಿ ಹರಿದುಹೋಗದು ಎಂಬ ಸಮರ್ಥನೆ ಇವತ್ತಿನ ಮಟ್ಟಿಗೆ ಒಪ್ಪತಕ್ಕದ್ದೇ. ಆದರೆ ಮೊದಲು ಕೇಳಿದ್ದ ಪ್ರಶ್ನೆಯನ್ನು ಇಲ್ಲಿಗೂ ಒಯ್ಯಬೇಕಿತ್ತು: ಸಾವಿರಾರು ವರ್ಷಗಳಾಚೆ, ದಾಖಲೆಗಳಾಗಲೀ ಗಡಿಗಂಬಗಳಾಗಲೀ ಉಳಿಯದ ಕಾಲದಲ್ಲಿ, ಆ ಮಣ್ಣನ್ನು ಅಗೆಯುವವರು ಯಾರು? ಸುಮಾರು 10.8 ಕೋಟಿ ಆಸ್ಟ್ರೇಲಿಯನ್ ಡಾಲರ್ ಖರ್ಚಾದ ಯೋಜನೆ ಬದುಕಿರುವವರ ದಿನಚರಿಯನ್ನು ಎಷ್ಟು ನಿಗಾದಿಂದ ಗಮನಿಸಿತೋ, ಇವರ ವಿಷಯದಲ್ಲಿ ಅಷ್ಟನ್ನು ಮಾಡಲಿಲ್ಲ. 2009ರಲ್ಲಿ ಪರೀಕ್ಷಾ ಪ್ರದೇಶವನ್ನು ಮರಲಿಂಗ ತ್ಜರುತ್ಜ ಜನರಿಗೆ ಹಸ್ತಾಂತರಿಸಲಾಯಿತು, ಕಂದಕಗಳ ಸಮೇತ.