ಹಳೆಯ ಮರಳು ದಿಬ್ಬಗಳ ಹುಳಿ ಮಣ್ಣು

ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರ ಹರಡಿಕೊಂಡಿರುವ ಸ್ವಾನ್ ಕರಾವಳಿ ಬಯಲಿನಲ್ಲಿ ಮರಳು ದಿಬ್ಬಗಳ ಮೂರು ಸಾಲುಗಳು ಕಡಲಿಗೆ ಸಮಾನಾಂತರವಾಗಿ ಚಾಚಿದ್ದು, ತೀರದಿಂದ ಒಳನಾಡಿಗೆ ಸರಿದಂತೆಲ್ಲ ಅವುಗಳ ವಯಸ್ಸು ಹೆಚ್ಚುತ್ತ ಹೋಗುತ್ತದೆ. ಕಡಲಂಚಿನ ಕ್ವಿಂಡಲಪ್ ದಿಬ್ಬಗಳಲ್ಲಿ ಚಿಪ್ಪಿನ ಸುಣ್ಣ ಇನ್ನೂ ಉಳಿದಿರುವುದರಿಂದ ಅಲ್ಲಿನ ಮಣ್ಣು ಕ್ಷಾರೀಯವಾಗಿದೆ. ನಡುವಿನ ಸ್ಪಿಯರ್‌ವುಡ್ ದಿಬ್ಬಗಳ ಹಳದಿ ಮರಳಿನಡಿ ಸುಣ್ಣಕಲ್ಲು ಸಿಗುತ್ತದೆ. ಎಲ್ಲಕ್ಕಿಂತ ಹಳೆಯವಾದ ಬ್ಯಾಸೆಂಡೀನ್ ದಿಬ್ಬಗಳಲ್ಲಾದರೋ ದೀರ್ಘಕಾಲದ ಮಳೆ ತೊಳೆದು ಉಳಿಸಿದ ಬೂದುಬಣ್ಣದ ಬೆಣಚುಕಲ್ಲಿನ ಮರಳನ್ನು ಬಿಟ್ಟರೆ ಹೆಚ್ಚೇನೂ ಇಲ್ಲ.

ಈ ಮಣ್ಣು ಬಡವಾಗಲು ಕಾರಣ ನೀರು ಮತ್ತು ಆಮ್ಲ. ಮಳೆನೀರಿನೊಡನೆ ಇಳಿಯುವ, ಕೊಳೆತ ಎಲೆಬೇರುಗಳಿಂದ ಹುಟ್ಟಿದ ಆಮ್ಲಗಳು ಮೊದಲು ಸುಣ್ಣವನ್ನು ಕರಗಿಸಿ, ಬಳಿಕ ಮರಳಿನ ಕಣಗಳಿಗೆ ಅಂಟಿದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಲೇಪವನ್ನು ಕಳಚಿ ಕೆಳಗೊಯ್ಯುತ್ತವೆ. ಆ ಕಬ್ಬಿಣ, ಅಲ್ಯೂಮಿನಿಯಂ ಆಳದಲ್ಲಿ ಶೇಖರವಾಗಿ ಕಂದುಬಣ್ಣದ ಗಟ್ಟಿ ಪದರವಾಗುತ್ತವೆ. ಹೀಗೆ ಮೇಲೆ ಬಿಳಿಚಿ ಕೆಳಗೆ ಕಂದಾದ ಮಣ್ಣನ್ನು ವಿಜ್ಞಾನಿಗಳು ಪಾಡ್ಜಾಲ್ ಎನ್ನುತ್ತಾರೆ. ಪೋಷಕಾಂಶಗಳನ್ನು ಹಿಡಿದಿಡಬಲ್ಲ ಜೇಡಿ ಇದರಲ್ಲಿ ಇಲ್ಲವೆಂಬಷ್ಟು ಕಡಿಮೆ. ಆ ಕೆಲಸವನ್ನು ಮೇಲ್ಪದರದ ತೆಳುವಾದ ಸಾವಯವ ಅಂಶವೊಂದೇ ಮಾಡಬೇಕು. ಆ ಸಾವಯವ ಅಂಶದ ಮೇಣವೇ ಕಣಗಳಿಗೆ ಮೆತ್ತಿಕೊಂಡು, ಬೇಸಿಗೆಯಲ್ಲಿ ಒಣಗಿದ ಮರಳು ಮೊದಲ ಮಳೆಯನ್ನು ಹೀರಿಕೊಳ್ಳದಂತೆ ಮಾಡುವುದೂ ಉಂಟು.

ಇಂಥ ನೆಲಕ್ಕೆ ಸುರಿದ ಗೊಬ್ಬರ ನಿಲ್ಲುವುದಿಲ್ಲ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಇರುವ ಮಣ್ಣು ರಂಜಕವನ್ನು ಬಿಗಿಯಾಗಿ ಹಿಡಿಯುತ್ತದೆ. ಇಲ್ಲಿ ಅವೆರಡೂ ತೊಳೆದುಹೋಗಿರುವುದರಿಂದ ಹುಲ್ಲುಗಾವಲಿಗೆ ಹಾಕಿದ ಸೂಪರ್ ಫಾಸ್ಫೇಟಿನ ರಂಜಕ ನೀರಿನೊಡನೆ ಹರಿದು, ಪರ್ತ್‌ನ ದಕ್ಷಿಣಕ್ಕಿರುವ ಪೀಲ್-ಹಾರ್ವೆ ಅಳಿವೆಯನ್ನು ಸೇರಿ, ಅಲ್ಲಿ ಪಾಚಿ ಮಿತಿಮೀರಿ ಬೆಳೆಯಲು ಕಾರಣವಾಯಿತು. ಅಳಿವೆಯ ನೀರು ಕಡಲಿನೊಡನೆ ಬೆರೆಯಲೆಂದು 1994ರಲ್ಲಿ ಡಾಸ್‌ವಿಲ್ ಕಾಲುವೆಯನ್ನೇ ತೆರೆಯಬೇಕಾಯಿತು.

ಆದ್ದರಿಂದ ನಿರ್ವಹಣೆಯ ಮೊದಲ ಹೆಜ್ಜೆ ಮಣ್ಣುಪರೀಕ್ಷೆ. ಆಮ್ಲ-ಕ್ಷಾರಗಳ ಅಳತೆಯಾದ ರಸಸಾರದಲ್ಲಿ 7 ತಟಸ್ಥ ಬಿಂದು; ಅದಕ್ಕಿಂತ ಕೆಳಗಿನದು ಆಮ್ಲೀಯ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅಳೆದಾಗ ಮೇಲ್ಮಣ್ಣಿನಲ್ಲಿ 5.5, ಅದರ ಕೆಳಪದರದಲ್ಲಿ 4.8 ಇರಬೇಕೆಂಬುದು ಪಶ್ಚಿಮ ಆಸ್ಟ್ರೇಲಿಯದ ರೈತರು ಅನುಸರಿಸುವ ಗುರಿ. ಮರಳಿಗೆ ರಸಸಾರದ ಬದಲಾವಣೆಯನ್ನು ತಡೆಯುವ ಶಕ್ತಿ ಕಡಿಮೆಯಾದ್ದರಿಂದ ಅಲ್ಪ ಸುಣ್ಣವೂ ರಸಸಾರವನ್ನು ಬೇಗ ಏರಿಸುತ್ತದೆ. ಅತಿಯಾದರೆ ಸತು, ಮ್ಯಾಂಗನೀಸ್ ಬೆಳೆಗೆ ದಕ್ಕದೆ ಹೋಗುತ್ತವೆ. ಸಾರಜನಕ ಮತ್ತು ಪೊಟ್ಯಾಷನ್ನು ಕಂತುಕಂತಾಗಿ ಕೊಡುವುದು, ನಿಧಾನವಾಗಿ ಕರಗುವ ರಂಜಕವನ್ನು ಬಳಸುವುದು, ಜೇಡಿಮಣ್ಣು ಬೆರೆಸುವುದು, ಆಳಕ್ಕೆ ಬೇರಿಳಿಸುವ ಬಹುವಾರ್ಷಿಕ ಹುಲ್ಲು ಬೆಳೆಸುವುದು ಉಳಿದ ಮುಖ್ಯ ಕ್ರಮಗಳು.

ಈ ನೆಲವನ್ನು ನಿಷ್ಪ್ರಯೋಜಕವೆನ್ನುವುದು ಮಾತ್ರ ಸಲ್ಲದು. ಬ್ಯಾಂಕ್ಸಿಯಾ ಮರಗಳು ಗೊಂಚಲು ಬೇರುಗಳಿಂದ ಆಮ್ಲ ಸ್ರವಿಸಿ, ಇದ್ದಷ್ಟೇ ರಂಜಕವನ್ನು ಬಿಡಿಸಿಕೊಂಡು ಇಲ್ಲಿ ಬದುಕುತ್ತವೆ. ಗೊಬ್ಬರದ ರಂಜಕ ಹೆಚ್ಚಾದರೆ ಅವುಗಳಿಗೆ ಅದೇ ವಿಷ. ನೀರನ್ನು ಸರಾಗವಾಗಿ ಇಳಿಯಬಿಡುವ ಈ ಮರಳೇ ಪರ್ತ್ ನಗರಕ್ಕೆ ನೀರೊದಗಿಸುವ ನಂಗಾರಾ ಅಂತರ್ಜಲ ನಿಧಿಯನ್ನು ತುಂಬುತ್ತದೆ. ಸಾಗುವಳಿಯಾದ ಕಡೆ ಹಿಡಿತದಿಂದ ಗೊಬ್ಬರ ಹಾಕುವುದು, ಕಾಡು ಉಳಿದ ಕಡೆ ಅದನ್ನು ಹಾಗೆಯೇ ಬಿಡುವುದು ಇಂಥ ಮಣ್ಣಿಗೆ ಒಪ್ಪುವ ನಿರ್ವಹಣೆ.