ಬಹುಚರ ಕಲನದ ಪಾಠ ಮತ್ತು ನಮ್ಮ ಗಡಿನಾಡಿನ ಮಕ್ಕಳು

ವಿಜ್ಞಾನ ವಿಷಯದಲ್ಲಿ ಪದವಿ ಓದುವ ಮಗನೋ ಮಗಳೋ ಇರುವ ಮನೆಗಳಿಗೆಲ್ಲ ಒಂದು ಅನುಭವ ಪರಿಚಿತವಾದುದು. ಹತ್ತನೆಯ ಇಯತ್ತೆಯಲ್ಲಿ ಗಣಿತದಲ್ಲಿ ಒಳ್ಳೆಯ ಅಂಕ ಪಡೆದು ಊರವರಿಂದ ಪ್ರಶಂಸೆಗೆ ಪಾತ್ರವಾದ ಮಗು, ಕಾಲೇಜಿನ ಎರಡನೆಯ ವರ್ಷ ಬರುವಷ್ಟರಲ್ಲಿ ಮಂಕಾಗುತ್ತದೆ. ಒಂದು ವಿಷಯ ಉಳಿಯಿತು, ಮತ್ತೆ ಕಟ್ಟಬೇಕು ಎನ್ನುತ್ತದೆ. ತಂದೆತಾಯಿಗಳಿಗೆ ಆ ವಿಷಯದ ಹೆಸರೂ ತಿಳಿಯದು. ‘ಓದು ಇವನಿಗೆ ಒಗ್ಗಲಿಲ್ಲ’ ಎಂಬ ತೀರ್ಮಾನಕ್ಕೆ ಬಂದು ಮಗನನ್ನು ಹೊಲಕ್ಕೂ ಮಗಳನ್ನು ಮದುವೆಯ ಮಾತುಕತೆಗೂ ಒಪ್ಪಿಸಿಬಿಡುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯ ಮನೆಗಳಲ್ಲಿ ಇಂತಹ ಮಕ್ಕಳನ್ನು ನಾವು ಕಂಡಿದ್ದೇವೆ. ಅವರಲ್ಲಿ ಅನೇಕರು ಎಡವಿದ್ದು ಒಂದೇ ಕಲ್ಲಿಗೆ. ಅದರ ಹೆಸರು ಬಹುಚರ ಕಲನ. ಕಾಲೇಜಿನ ಮಾತಿನಲ್ಲಿ ಮಲ್ಟಿವೇರಿಯೆಬಲ್ ಕ್ಯಾಲ್ಕುಲಸ್.

ನಾವು ಮಠದ ಪಾಠಶಾಲೆಯಲ್ಲಿ ವ್ಯಾಕರಣ ಮತ್ತು ತರ್ಕಗಳನ್ನು ಓದಿದವರು. ಗಣಿತ ನಮ್ಮ ಅಧ್ಯಯನದ ಶಾಸ್ತ್ರವಲ್ಲ. ಆದರೆ ಪ್ರಸಾದನಿಲಯದ ಹುಡುಗರು ರಾತ್ರಿ ಪುಸ್ತಕ ಹಿಡಿದು ಕಂಗೆಡುವುದನ್ನು ನೋಡಿ, ಅದೇನೆಂದು ತಿಳಿಯಬೇಕೆನಿಸಿತು. ಒಬ್ಬ ವಿದ್ಯಾರ್ಥಿ ಹೇಳಿದ ಮಾತು ಇಂದಿಗೂ ನೆನಪಿದೆ: “ಅಜ್ಜಾರ, ಬೋರ್ಡಿನ ಮ್ಯಾಲ ಬರದದ್ದು ಎಲ್ಲಾ ಬರಕೊಂಡೇನ್ರಿ. ಆದರ ಏನ ನಡದೈತಿ ಅನ್ನೋದ ತಿಳಿವಲ್ದರಿ.” ಒಂದು ಸೆಮಿಸ್ಟರ್ ಪೂರ್ತಿ ಆ ಹುಡುಗರೊಡನೆ ಕುಳಿತು, ಅವರು ಕಲಿತುದನ್ನು ನಮಗೆ ಕನ್ನಡದಲ್ಲಿ ಹೇಳಿಸಿಕೊಂಡು, ನಾವೂ ನೋಟುಪುಸ್ತಕದಲ್ಲಿ ಲೆಕ್ಕ ಮಾಡಿದೆವು. ಅದರಿಂದ ತಿಳಿದುಬಂದುದನ್ನು ಮನೆಮಂದಿಯೆಲ್ಲ ಓದಿ ಗ್ರಹಿಸುವಂತೆ ಇಲ್ಲಿ ನಿವೇದಿಸುತ್ತಿದ್ದೇವೆ.

ಕಲನವೆಂದರೆ ಬದಲಾವಣೆಯ ಗಣಿತ. ಒಂದು ವಸ್ತು ಬದಲಾದಂತೆ ಅದನ್ನು ಅವಲಂಬಿಸಿದ ಮತ್ತೊಂದು ಎಷ್ಟು ವೇಗದಲ್ಲಿ ಬದಲಾಗುತ್ತದೆ ಎಂಬುದು ಅವಕಲನ. ಚಿಕ್ಕ ಚಿಕ್ಕ ತುಣುಕುಗಳನ್ನು ಕೂಡಿಸಿ ಇಡಿಯದನ್ನು ಅಳೆಯುವುದು ಅನುಕಲನ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಸಿದ್ಧಾಂತಶಿರೋಮಣಿ’ಯಲ್ಲಿ ಗ್ರಹಗಳ ತಾತ್ಕಾಲಿಕ ಗತಿಯನ್ನು, ಅಂದರೆ ಆ ಕ್ಷಣದ ವೇಗವನ್ನು ವಿಚಾರಿಸಿದ್ದಾರೆ. ಹದಿನೇಳನೆಯ ಶತಮಾನದಲ್ಲಿ ಯುರೋಪಿನ ನ್ಯೂಟನ್ ಮತ್ತು ಲೈಬ್ನಿಟ್ಸ್ ಇದನ್ನು ಪೂರ್ಣ ಶಾಸ್ತ್ರವಾಗಿ ಬೆಳೆಸಿದರು. ಪಿಯುಸಿಯಲ್ಲಿ ಮಕ್ಕಳು ಕಲಿಯುವುದು ಒಂದೇ ಚರದ ಕಲನ. ಲೋಕವ್ಯವಹಾರದಲ್ಲಾದರೋ ಯಾವ ಫಲವೂ ಒಂದೇ ಕಾರಣದಿಂದ ಹುಟ್ಟುವುದಿಲ್ಲ. ಹಲವು ಕಾರಣಗಳು ಕೂಡಿ ಒಂದು ಫಲವಾಗುವಾಗ ಬೇಕಾಗುವುದೇ ಬಹುಚರ ಕಲನ.

ಕಬ್ಬಿನ ಬೆಳೆಯನ್ನೇ ನೋಡೋಣ. ಇಳುವರಿ ನೀರನ್ನೂ ಗೊಬ್ಬರವನ್ನೂ ಅವಲಂಬಿಸಿದೆ. ಗೊಬ್ಬರವನ್ನು ಇದ್ದಷ್ಟೇ ಇಟ್ಟು ನೀರನ್ನು ಮಾತ್ರ ಸ್ವಲ್ಪ ಹೆಚ್ಚಿಸಿದರೆ ಇಳುವರಿ ಎಷ್ಟು ಬದಲಾಗುತ್ತದೆ? ಈ ಪ್ರಶ್ನೆಗೆ ಉತ್ತರವೇ ಆಂಶಿಕ ಅವಕಲನ, ಪಾರ್ಶಿಯಲ್ ಡೆರಿವೇಟಿವ್. ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕವೆಂಬ ಕ್ರಮವಿದೆ: ಉಳಿದುದೆಲ್ಲವನ್ನೂ ಹಾಗೆಯೇ ಇರಿಸಿ, ಒಂದು ಇದ್ದಾಗ ಏನಾಗುತ್ತದೆ, ಇಲ್ಲದಾಗ ಏನಾಗುತ್ತದೆ ಎಂದು ಪರೀಕ್ಷಿಸುವುದು. ಹುಡುಗರಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. ಚಿಹ್ನೆ ಹೊಸದು, ವಿಚಾರ ಹಳೆಯದು.

ಈ ವಿಚಾರ ನಮ್ಮ ಭಾಗಕ್ಕೆ ಎಷ್ಟು ಹತ್ತಿರದ್ದೆಂಬುದನ್ನು ಕೃಷ್ಣಾ ತೀರದ ರೈತರು ಬಲ್ಲರು. ನೀರು ಏರಿದಂತೆ ಮೊದಮೊದಲು ಇಳುವರಿ ಏರುತ್ತದೆ, ಒಂದು ಮಿತಿಯಲ್ಲಿ ಏರಿಕೆ ನಿಲ್ಲುತ್ತದೆ, ಅನಂತರ ಇಳಿಯುತ್ತದೆ. ಎರೆಭೂಮಿಯಲ್ಲಿ ಬಸಿಗಾಲುವೆಯಿಲ್ಲದೆ ನೀರು ಹಾಯಿಸುತ್ತ ಹೋದರೆ ಅಂತರ್ಜಲ ಮೇಲೇರಿ, ನೀರು ಆವಿಯಾಗಿ, ಲವಣ ಮೇಲ್ಪದರದಲ್ಲಿ ಉಳಿಯುತ್ತದೆ. ಅಥಣಿ, ಕಾಗವಾಡ, ರಾಯಬಾಗಗಳಲ್ಲಿ ಸವಳು-ಜವಳಾದ ಹೊಲಗಳು ಇದಕ್ಕೆ ಸಾಕ್ಷಿ. ಗೊಬ್ಬರದ ಗುಣ ಕೂಡ ನೀರಿನ ಪ್ರಮಾಣದೊಡನೆ ಬದಲಾಗುತ್ತದೆ: ಒಣಭೂಮಿಯಲ್ಲಿ ಅದು ಕೆಲಸ ಮಾಡದು, ನಿಂತ ನೀರಿನಲ್ಲಿಯೂ ಮಾಡದು. ಒಂದರ ಪರಿಣಾಮ ಮತ್ತೊಂದರೊಡನೆ ಹೇಗೆ ಬದಲಾಗುತ್ತದೆ ಎಂಬುದನ್ನು ಅಳೆಯುವುದು ಮಿಶ್ರ ಅವಕಲನ.

ಇಲ್ಲಿಂದ ಮುಂದೆ ಮಕ್ಕಳು ತೊಡಕಿಗೆ ಬೀಳುವ ಮೊದಲ ಸ್ಥಳ ಸೀಮೆಯ, ಅಂದರೆ ಲಿಮಿಟ್ಟಿನ ಪಾಠ. ಒಂದೇ ಚರವಿರುವಾಗ ಒಂದು ಬಿಂದುವನ್ನು ಸೇರಲು ಎಡದಿಂದ ಮತ್ತು ಬಲದಿಂದ ಎಂಬ ಎರಡೇ ದಾರಿ. ಎರಡು ಚರಗಳಿರುವಾಗ ಬಯಲಿನಲ್ಲಿ ನಿಂತಂತೆ, ದಾರಿಗಳು ಅನಂತ. ಎರಡು ಸಂಖ್ಯೆಗಳ ಗುಣಲಬ್ಧವನ್ನು ಅವುಗಳ ವರ್ಗಗಳ ಮೊತ್ತದಿಂದ ಭಾಗಿಸೋಣ. ಒಂದು ಸಂಖ್ಯೆಯನ್ನು ಸೊನ್ನೆಯಾಗಿಟ್ಟು ಮತ್ತೊಂದನ್ನು ಸೊನ್ನೆಯತ್ತ ತಂದರೆ ಉತ್ತರ ಸದಾ ಸೊನ್ನೆ. ಎರಡನ್ನೂ ಸಮವಾಗಿಟ್ಟು ತಂದರೆ ಸದಾ ಅರ್ಧ: ಎರಡೂ 0.01 ಆದರೆ ಗುಣಲಬ್ಧ 0.0001, ವರ್ಗಗಳ ಮೊತ್ತ 0.0002, ಭಾಗಲಬ್ಧ ಅರ್ಧವೇ. ಎರಡು ದಾರಿಗೆ ಎರಡು ಉತ್ತರ ಬಂದುದರಿಂದ ಅಲ್ಲಿ ಸೀಮೆಯೇ ಇಲ್ಲ. ಎರಡು ದಾರಿಗಳಲ್ಲಿ ಒಂದೇ ಉತ್ತರ ಬಂದರೂ ಸೀಮೆ ಸಿದ್ಧವಾಗದು. ಎಲ್ಲ ದಾರಿಗೂ ಅನ್ವಯಿಸುವ ಪ್ರಮಾಣ ಬೇಕು. ಈ ಭೇದ ತಿಳಿಯದೆ ಸೂತ್ರವನ್ನಷ್ಟೇ ಕಂಠಪಾಠ ಮಾಡಿದವರು ಪರೀಕ್ಷೆಯಲ್ಲಿ ಸೋಲುತ್ತಾರೆ.

ಎರಡನೆಯ ತೊಡಕು ಗರಿಷ್ಠ-ಕನಿಷ್ಠಗಳದು. ನಿಪ್ಪಾಣಿಯಿಂದ ಸಂಕೇಶ್ವರಕ್ಕೆ ಹೋಗುವಾಗ ತವಂದಿ ಘಟ್ಟ ದಾಟಿದವರಿಗೆ ಇದನ್ನು ಹೇಳುವುದು ಸುಲಭ. ಗುಡ್ಡಗಳ ನಡುವಿನ ಘಟ್ಟದ ದಾರಿಯಲ್ಲಿ ಏರಿ ನೆತ್ತಿಗೆ ಬಂದಾಗ, ದಾರಿಯ ಉದ್ದಕ್ಕೆ ನೋಡಿದರೆ ಅದೇ ಅತ್ಯಂತ ಎತ್ತರದ ಸ್ಥಳ. ಎಡಬಲಗಳ ಗುಡ್ಡಗಳತ್ತ ನೋಡಿದರೆ ಅದೇ ತಗ್ಗು. ಆ ಬಿಂದುವಿನಲ್ಲಿ ನೆಲ ಯಾವ ಕಡೆಗೂ ವಾಲಿಲ್ಲ, ಆದರೂ ಅದು ಶಿಖರವೂ ಅಲ್ಲ, ಕಣಿವೆಯ ತಳವೂ ಅಲ್ಲ. ಕುದುರೆಯ ಜೀನಿನ ಆಕಾರವಿರುವುದರಿಂದ ಗಣಿತಜ್ಞರು ಇದಕ್ಕೆ ಜೀನಿನ ಬಿಂದುವೆಂದೇ ಹೆಸರಿಟ್ಟಿದ್ದಾರೆ. ಒಂದೇ ಚರದ ಕಲನದಲ್ಲಿ ಈ ರೂಪವೇ ಇಲ್ಲ.

ಮಿತಿಯೊಳಗೆ ಉತ್ತಮವಾದುದನ್ನು ಹುಡುಕುವ ವಿಧಾನವನ್ನು ಲಗ್ರಾಂಜ್ ಎಂಬ ಗಣಿತಜ್ಞನ ಹೆಸರಿನಿಂದ ಕರೆಯುತ್ತಾರೆ. 400 ಮೀಟರ್ ತಂತಿಬೇಲಿ ಇದೆಯೆನ್ನಿ. 150 ಮೀಟರ್ ಉದ್ದ, 50 ಮೀಟರ್ ಅಗಲ ಸುತ್ತಿದರೆ ಒಳಗೆ 7,500 ಚದರ ಮೀಟರ್; ನಾಲ್ಕೂ ಬದಿಗೆ 100 ಮೀಟರ್ ಕೊಟ್ಟರೆ 10,000 ಚದರ ಮೀಟರ್, ಸುಮಾರು ಎರಡೂವರೆ ಎಕರೆ. ಬೇಲಿ ಅಷ್ಟೇ, ಭೂಮಿ ಹೆಚ್ಚು. ಇದೇ ವಿಧಾನ ಸಂಸಾರದ ಖರ್ಚಿಗೂ ಸಲ್ಲುತ್ತದೆ: ಬೀಜ, ನೀರು, ಗೊಬ್ಬರಗಳ ಮೇಲೆ ಹಾಕುವ ಕೊನೆಯ ರೂಪಾಯಿ ಎಲ್ಲೆಡೆ ಸಮಾನ ಲಾಭ ಕೊಡುವಂತೆ ಹಂಚಿದಾಗಲೇ ಒಟ್ಟು ಲಾಭ ಗರಿಷ್ಠ. ಒಂದೆಡೆ ಹೆಚ್ಚು ಬರುವಂತಿದ್ದರೆ ರೂಪಾಯಿಯನ್ನು ಅತ್ತ ಸರಿಸಬೇಕಲ್ಲವೆ?

ಇನ್ನು ದ್ವಿ-ಅನುಕಲನ, ಡಬಲ್ ಇಂಟಿಗ್ರಲ್. ಒಂದು ಹೊಲದ ಮೇಲ್ಮಣ್ಣು ಒಟ್ಟು ಎಷ್ಟಿದೆಯೆಂದು ತಿಳಿಯಬೇಕಾದರೆ, ಹೊಲವನ್ನು ಗುಂಟೆಗಳಾಗಿ ವಿಭಾಗಿಸಿ, ಪ್ರತಿ ಗುಂಟೆಯ ಮಣ್ಣಿನ ಆಳ ಅಳೆದು, ವಿಸ್ತೀರ್ಣದಿಂದ ಗುಣಿಸಿ ಕೂಡಿಸುತ್ತೇವೆ. ತುಣುಕುಗಳು ಚಿಕ್ಕವಾದಷ್ಟೂ ಲೆಕ್ಕ ನಿಖರ. ಸಾಲುಗಳ ಪ್ರಕಾರ ಕೂಡಿಸಿದರೂ, ಅಡ್ಡಪಟ್ಟಿಗಳ ಪ್ರಕಾರ ಕೂಡಿಸಿದರೂ ಮೊತ್ತ ಒಂದೇ. ಅಂಗಡಿಯ ಖಾತೆಯನ್ನು ದಿನವಾರು ಕೂಡಿಸಿದರೂ ಸಾಮಾನುವಾರು ಕೂಡಿಸಿದರೂ ಒಂದೇ ಬರುವಂತೆ. ಹುಡುಗರು ನಮಗೆ ತೋರಿಸಿದ ಒಂದು ಲೆಕ್ಕ ನಮ್ಮನ್ನು ಬೆರಗುಗೊಳಿಸಿತು. ಗಂಟೆಯ ಆಕಾರದ ಒಂದು ವಕ್ರರೇಖೆಯ ಕೆಳಗಿನ ವಿಸ್ತೀರ್ಣವನ್ನು ಪಿಯುಸಿಯಲ್ಲಿ ಕಲಿತ ಯಾವ ಉಪಾಯದಿಂದಲೂ ನೇರವಾಗಿ ಕಂಡುಹಿಡಿಯಲಾಗದು. ಆದರೆ ಅದನ್ನು ಅದರಿಂದಲೇ ಗುಣಿಸಿ, ಎರಡು ಚರಗಳ ರಾಶಿಯನ್ನಾಗಿ ಮಾಡಿ, ಆ ರಾಶಿಯನ್ನು ಉಂಗುರ ಉಂಗುರವಾಗಿ ಅಳೆದರೆ ಲೆಕ್ಕ ಸರಳವಾಗುತ್ತದೆ. ಉತ್ತರ ಪೈ ಸಂಖ್ಯೆಯ ವರ್ಗಮೂಲ. ಒಂದು ಆಯಾಮದ ಕಷ್ಟ ಎರಡು ಆಯಾಮದಲ್ಲಿ ಕರಗಿತು. ಸಂಖ್ಯಾಶಾಸ್ತ್ರವೆಲ್ಲ ಈ ವಕ್ರರೇಖೆಯನ್ನು ಆಶ್ರಯಿಸಿದೆ.

ಇಷ್ಟು ಸುಂದರವಾದ ಶಾಸ್ತ್ರ ನಮ್ಮ ಮಕ್ಕಳಿಗೆ ಏಕೆ ಕಲ್ಲಾಯಿತು? ನಮಗೆ ಕಂಡ ಕಾರಣಗಳು ಮೂರು. ಮೊದಲನೆಯದು ಭಾಷೆ. ಹತ್ತರವರೆಗೆ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಓದಿದ ಮಗು ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿಯುತ್ತದೆ. ಲೆಕ್ಕ ತಿಳಿಯಲಿಲ್ಲವೋ ವಾಕ್ಯ ತಿಳಿಯಲಿಲ್ಲವೋ ಎಂಬುದು ಅದಕ್ಕೇ ಗೊತ್ತಾಗದು. ಎರಡನೆಯದು ತಳಹದಿ. ಒಂದು ಚರದ ಅವಕಲನ, ತ್ರಿಕೋನಮಿತಿ, ಬೀಜಗಣಿತಗಳು ಗಟ್ಟಿಯಿಲ್ಲದಿದ್ದರೆ ಮೇಲಿನ ಅಂತಸ್ತು ನಿಲ್ಲದು. ಮೂರನೆಯದು ಚಿತ್ರ ಬರೆಯದಿರುವುದು. ಎರಡು ಚರಗಳ ಸಂಬಂಧ ಒಂದು ಗುಡ್ಡಗಾಡಿನಂತೆ. ಅದನ್ನು ಮನಸ್ಸಿನಲ್ಲಿ ಕಾಣದವನಿಗೆ ಚಿಹ್ನೆಗಳು ಬರಿಯ ಗೀಟುಗಳು. ಇವುಗಳಲ್ಲಿ ಬುದ್ಧಿಯ ಕೊರತೆಯೆಂಬುದು ಇಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ನಮ್ಮ ನೆಲದಲ್ಲಿಯೇ ಇದಕ್ಕೆ ನಿದರ್ಶನವಿದೆ. ರಾಯಬಾಗಕ್ಕೆ ಹೊಂದಿದ ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಜನಿಸಿದ ಡಿ.ಸಿ. ಪಾವಟೆಯವರು ಧಾರವಾಡದಲ್ಲಿ ಓದಿ, ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿನ ಗಣಿತ ಪರೀಕ್ಷೆಯಲ್ಲಿ ಪ್ರಥಮ ವರ್ಗದವರಿಗೆ ಸಲ್ಲುವ ರ‍್ಯಾಂಗ್ಲರ್ ಎಂಬ ಗೌರವ ಪಡೆದರು. ಕಲನದ ಮೇಲೆ ಕಾಲೇಜು ಪಠ್ಯವನ್ನೂ ಬರೆದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಕಟ್ಟಿ ಬೆಳೆಸಿ, ಮುಂದೆ ಪಂಜಾಬಿನ ರಾಜ್ಯಪಾಲರಾದರು. ಹಳ್ಳಿಯ ಶಾಲೆಯಿಂದ ಹೊರಟ ಬಾಲಕನಿಗೆ ಗಣಿತ ತೆರೆದ ಬಾಗಿಲು ಅದು.

ಅಂದಿನ ವಿದ್ಯಾರ್ಥಿಗಳು ಉಚ್ಚ ಶಿಕ್ಷಣಕ್ಕಾಗಿ ಕೊಲ್ಹಾಪುರದ ರಾಜಾರಾಮ ಕಾಲೇಜಿಗೋ, ಸಾಂಗಲಿಯ ವಿಲಿಂಗ್ಡನ್ ಕಾಲೇಜಿಗೋ, ಧಾರವಾಡಕ್ಕೋ ಹೋಗಬೇಕಿತ್ತು. 1916ರಲ್ಲಿ ಏಳು ಜನ ತ್ಯಾಗಿಗಳು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಅವರಲ್ಲಿ ಪಂಡಿತಪ್ಪ ಚಿಕ್ಕೋಡಿಯವರೂ ಒಬ್ಬರು. 1933ರಲ್ಲಿ ಅಲ್ಲಿ ಲಿಂಗರಾಜ ಕಾಲೇಜು ಆರಂಭವಾಯಿತು. ಇಂದು ಚಿಕ್ಕೋಡಿಯಲ್ಲಿ ಬಸವಪ್ರಭು ಕೋರೆ ಮಹಾವಿದ್ಯಾಲಯ, ನಿಪ್ಪಾಣಿಯಲ್ಲಿ ಜಿ.ಐ. ಬಾಗೇವಾಡಿ ಮಹಾವಿದ್ಯಾಲಯ, ಕಾಗವಾಡದಲ್ಲಿ ಶಿವಾನಂದ ಮಹಾವಿದ್ಯಾಲಯಗಳಿವೆ. ಅಥಣಿ, ರಾಯಬಾಗಗಳಲ್ಲಿಯೂ ಪದವಿ ಕಾಲೇಜುಗಳಿವೆ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೇ ಸ್ಥಾಪಿತವಾಯಿತು. ಇಂಜಿನಿಯರಿಂಗ್ ಓದುವವರಿಗೆ 1998ರಲ್ಲಿ ಅದೇ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದಿತು. ಅವರಿಗೂ ಮೊದಲ ವರ್ಷವೇ ಈ ಕಲನ ಎದುರಾಗುತ್ತದೆ. ಕಾಲೇಜು ಮನೆಯ ಬಾಗಿಲಿಗೆ ಬಂದಿರುವಾಗ ಮಗು ಒಂದು ವಿಷಯಕ್ಕೆ ಹೆದರಿ ಹಿಂದಿರುಗಬಾರದು.

ವಿದ್ಯಾರ್ಥಿಗಳಿಗೆ ನಮ್ಮ ಸೂಚನೆಗಳಿವು. ಕಾಲೇಜು ತೆರೆಯುವ ಮೊದಲಿನ ರಜೆಯಲ್ಲಿ ಪಿಯುಸಿಯ ಕಲನವನ್ನು ಇನ್ನೊಮ್ಮೆ ಮಾಡಿ ಮುಗಿಸಿರಿ. ಪ್ರತಿ ವ್ಯಾಖ್ಯೆಯನ್ನು ಮೊದಲು ಕನ್ನಡದಲ್ಲಿ ನಿಮ್ಮ ಮಾತಿನಲ್ಲಿ ಬರೆದು, ಅನಂತರ ಇಂಗ್ಲಿಷಿನಲ್ಲಿ ಬರೆಯಿರಿ. ಚಿತ್ರವಿಲ್ಲದೆ ಲೆಕ್ಕ ಆರಂಭಿಸಬೇಡಿರಿ. ದಿನಕ್ಕೆ ನಾಲ್ಕೇ ಲೆಕ್ಕವಾದರೂ ಸರಿ, ಉತ್ತರ ನೋಡದೆ ಮಾಡಿರಿ. ನೋಡಿ ಬರೆದುಕೊಂಡ ಲೆಕ್ಕ ನಿಮ್ಮದಲ್ಲ. ಮೂವರು ನಾಲ್ವರು ಕೂಡಿ ಒಬ್ಬರಿಗೊಬ್ಬರು ಪಾಠ ಹೇಳಿರಿ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ ನಡೆಸುವ ಎನ್‌ಪಿಟಿಇಎಲ್ ಪಾಠಗಳು, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಬಹುಚರ ಕಲನದ ಉಪನ್ಯಾಸಗಳು ಮೊಬೈಲಿನಲ್ಲಿಯೇ ಉಚಿತವಾಗಿ ದೊರೆಯುತ್ತವೆ. ತರಗತಿಯಲ್ಲಿ ತಪ್ಪಿಹೋದುದನ್ನು ಅಲ್ಲಿ ನಿಲ್ಲಿಸಿ ನಿಲ್ಲಿಸಿ ಮತ್ತೆ ಕೇಳಬಹುದು.

ತಂದೆತಾಯಿಗಳಲ್ಲಿ ವಿನಂತಿ ಇಷ್ಟೇ. ಕಬ್ಬಿನ ಕಟಾವಿನ ದಿನಗಳಲ್ಲಿ, ಪರೀಕ್ಷೆ ಹತ್ತಿರವಿರುವಾಗ, ಮಗನನ್ನು ಊರಿಗೆ ಕರೆಯಬೇಡಿರಿ. ಒಂದು ವಿಷಯ ಉಳಿದುದಕ್ಕೆ ಮಗಳ ಓದನ್ನೇ ನಿಲ್ಲಿಸಬೇಡಿರಿ. ಮುಂದಿನ ಪರೀಕ್ಷೆಗೆ ಕಟ್ಟುವ ಶುಲ್ಕ ಒಂದು ಬದುಕಿಗಿಂತ ದೊಡ್ಡದಲ್ಲ. ‘ಎಷ್ಟು ಅಂಕ ಬಂತು’ ಎಂದು ಕೇಳುವ ಬದಲು ‘ಇವತ್ತು ಏನು ತಿಳಿಯಲಿಲ್ಲ’ ಎಂದು ಕೇಳಿರಿ. ನಿಮಗೆ ಉತ್ತರ ಗೊತ್ತಿರಬೇಕಿಲ್ಲ. ಕೇಳುವವರಿದ್ದಾರೆಂಬ ಧೈರ್ಯವೇ ಅವರಿಗೆ ಸಾಕು. ಮಠಗಳ ಪ್ರಸಾದನಿಲಯಗಳಲ್ಲಿ ಅನ್ನದೊಡನೆ ಒಂದು ಕರಿಹಲಗೆಯನ್ನೂ, ವಾರಕ್ಕೆರಡು ಸಂಜೆ ಬಂದು ಕೂಡುವ ನಿವೃತ್ತ ಗಣಿತ ಅಧ್ಯಾಪಕರೊಬ್ಬರನ್ನೂ ಒದಗಿಸಿದರೆ ಅದು ದಾಸೋಹದ ಮುಂದುವರಿಕೆಯೇ ಆಗುತ್ತದೆ.

ನಾವು ಯಾರ ಜೊತೆ ಲೆಕ್ಕ ಮಾಡಿದೆವೋ ಆ ಹುಡುಗರಲ್ಲಿ ಎಲ್ಲರೂ ಗಣಿತಜ್ಞರಾಗಲಿಲ್ಲ, ಆಗಬೇಕಾಗಿಯೂ ಇಲ್ಲ. ಒಬ್ಬ ಶಾಲಾ ಶಿಕ್ಷಕನಾದ, ಒಬ್ಬ ಬ್ಯಾಂಕಿಗೆ ಹೋದ, ಒಬ್ಬ ಊರಲ್ಲಿಯೇ ಹೊಲ ನೋಡುತ್ತಾನೆ. ಆದರೆ ಅವರು ಯಾರೂ ಆ ವಿಷಯ ಬಿಟ್ಟು ಮನೆಗೆ ಮರಳಲಿಲ್ಲ. ಹೊಲ ನೋಡುವವನು ತನ್ನ ಕಬ್ಬಿಗೆ ಹಾಯಿಸುವ ನೀರನ್ನು ಈಗ ಮಿತಿಗೊಳಿಸಿ, ಬಸಿಗಾಲುವೆ ತೋಡಿಸಿದ್ದಾನೆ.