ಕಾಕ ಕೊಟ್ಟ ಕಲ್ಲು

ನಮ್ಮ ತುಳಸಿಕಟ್ಟೆಯ ಬುಡದಲ್ಲಿ ಐವತ್ತಕ್ಕೂ ಹೆಚ್ಚು ವರ್ಷದಿಂದ ಒಂದು ಬಿಳಿ ಕಲ್ಲಿದೆ. ಅಂಗೈಗಿಂತ ತುಸು ದೊಡ್ಡದು, ಮೈತುಂಬ ನಕ್ಷತ್ರದಂಥ ಸಣ್ಣ ಗುಳಿಗಳು. ಅಪ್ಪನಿಗೆ ಮಂಗಳೂರಿನ ಹಳೆ ಬಂದರಿನಲ್ಲಿ ಅಕ್ಕಿ ಅಂಗಡಿ ಇತ್ತು. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಲಕ್ಷದ್ವೀಪದ ಮಂಜಿಗಳು, ಎಂದರೆ ಸರಕಿನ ಹಡಗುಗಳು, ಧಕ್ಕೆಗೆ ಬರುತ್ತಿದ್ದವು. ಕೊಬ್ಬರಿ, ಹುರಿಹಗ್ಗ ಇಳಿಸಿ ಅಕ್ಕಿ, ಬೇಳೆ, ಈರುಳ್ಳಿ ಹೇರಿಕೊಂಡು ಹೋಗುತ್ತಿದ್ದವು. ಕಿಲ್ತಾನ್ ದ್ವೀಪದ ಕಾಕ ಒಬ್ಬರು ಅಂಗಡಿಯ ಜಗಲಿಯಲ್ಲಿ ಕೂತು ಚಾ ಕುಡಿಯುತ್ತ ಈ ಕಲ್ಲನ್ನು ನನ್ನ ಕೈಗಿಟ್ಟರು. "ಇದು ಕಲ್ಲಲ್ಲ ಮೋಳೇ. ನಮ್ಮ ಊರು ಇದರ ಮೇಲೆ ನಿಂತದ್ದು" ಎಂದರು. ಎಂಟು ವರ್ಷದ ನನಗೆ ಅದು ಕತೆಯಂತೆ ಕೇಳಿಸಿತ್ತು. ಮುಂದೆ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವಾಗಲೇ ಆ ಮಾತಿನ ಒಂದೊಂದು ಅಕ್ಷರವೂ ನಿಜವೆಂದು ಗೊತ್ತಾದದ್ದು.

ಆ ದ್ವೀಪಗಳು ನಮಗೆ ಪರವೂರಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ಐದೂ 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ವರ್ಷದ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅವು ಕೇಂದ್ರಾಡಳಿತಕ್ಕೆ ಹೋದವು. ಬ್ರಿಟಿಷರ ಕಾಲದಲ್ಲಿ ದ್ವೀಪದವರು ಹುರಿಯನ್ನು ಸರಕಾರಕ್ಕೇ ಕೊಟ್ಟು ಬದಲಿಗೆ ಮಂಗಳೂರಿನ ಅಕ್ಕಿ ಒಯ್ಯಬೇಕಿತ್ತು. ನಂಟು ಇನ್ನೂ ಹಳೆಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದ ಒಂದು ಬಿಸಿ ಜಾಗದಿಂದ ಲಾವಾ ಉಕ್ಕಿ ದಖ್ಖನ್ನಿನ ಮೇಲೆ ಹರಡಿತು. ವಿಜಯಪುರದ ಎರೆಮಣ್ಣು ಆ ಲಾವಾ ಕಲ್ಲು ಸವೆದು ಆದದ್ದು. ಭಾರತದ ನೆಲ ಉತ್ತರಕ್ಕೆ ಸರಿದ ಹಾಗೆ ಅದೇ ಬಿಸಿ ಜಾಗ ಕಡಲ ತಳದಲ್ಲಿ ಲಕ್ಷದ್ವೀಪ, ಮಾಲ್ದೀವ್ಸ್, ಚಾಗೋಸ್‌ಗಳ ಸಾಲನ್ನು ಎಬ್ಬಿಸಿತು ಎನ್ನುತ್ತಾರೆ ಭೂವಿಜ್ಞಾನಿಗಳು. ಜ್ವಾಲಾಮುಖಿ ತಣ್ಣಗಾಗಿ ನಿಧಾನಕ್ಕೆ ಮುಳುಗುತ್ತದೆ, ಅದರ ಅಂಚಿನ ಹವಳ ಬೆಳಕಿಗಾಗಿ ಮೇಲಮೇಲಕ್ಕೆ ಕಟ್ಟುತ್ತ ಹೋಗುತ್ತದೆ, ಕೊನೆಗೆ ಬೆಟ್ಟ ಮಾಯವಾಗಿ ಹವಳದ ಬಳೆ ಉಳಿಯುತ್ತದೆ. ಇದನ್ನು ಡಾರ್ವಿನ್ 1842ರಲ್ಲೇ ಬರೆದಿದ್ದರು.

"ಟೀಚರ್, ಹವಳವೂ ಮರದ ಹಾಗೆ ಆಮ್ಲಜನಕ ಕೊಡ್ತದಾ?" ಎಂದು ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಹವಳ ಗಿಡವಲ್ಲ, ಪ್ರಾಣಿ. ಕಲ್ಲಿನ ಒಂದೊಂದು ಗುಳಿಯಲ್ಲೂ ಒಂದು ಪುಟ್ಟ ಮೆತ್ತನೆಯ ಜೀವ ಇರುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಒಕ್ಕಲಿರುತ್ತದೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಹೆಚ್ಚಿನ ಪಾಲನ್ನು ಹವಳಕ್ಕೆ ಬಡಿಸುತ್ತದೆ, ಆಮ್ಲಜನಕವನ್ನೂ ಕೊಡುತ್ತದೆ. ಹವಳ ಅದಕ್ಕೆ ಮನೆ ಕೊಡುತ್ತದೆ, ತನ್ನ ಕಸವನ್ನೇ ಗೊಬ್ಬರವಾಗಿ ಕೊಡುತ್ತದೆ. ಹಗಲು ಹುಟ್ಟಿದ ಆಮ್ಲಜನಕವನ್ನು ಹವಳದ ದಿಬ್ಬದ ಜೀವರಾಶಿಯೇ ಹೆಚ್ಚುಕಡಿಮೆ ಉಸಿರಾಡಿ ಮುಗಿಸುತ್ತದೆ. ಬಲಿತ ಕಾಡಿನ ಲೆಕ್ಕವೂ ಹೀಗೆಯೇ. ಅಶ್ವತ್ಥ ಮರ ರಾತ್ರಿಯೂ ಆಮ್ಲಜನಕ ಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಬೆಳಕಿಲ್ಲದೆ ಯಾವ ಎಲೆಯೂ ಆ ಕೆಲಸ ಮಾಡದು. ಗಾಳಿಯಲ್ಲಿರುವ ನೂರಕ್ಕೆ 21 ಪಾಲು ಆಮ್ಲಜನಕ ಕೋಟ್ಯಂತರ ವರ್ಷಗಳ ಉಳಿತಾಯ. ಈಗ ಹುಟ್ಟುವುದರಲ್ಲಿ ಸುಮಾರು ಅರ್ಧ ಕಡಲಲ್ಲಿ ತೇಲುವ ಸೂಕ್ಷ್ಮ ಸಸ್ಯಗಳದ್ದು. ಅದಕ್ಕೇ ಮರವನ್ನಾಗಲಿ ಹವಳವನ್ನಾಗಲಿ ಆಮ್ಲಜನಕದ ತಕ್ಕಡಿಯಲ್ಲಿ ಮಾತ್ರ ತೂಗಿದರೆ ನನಗೆ ಸಂಕಟವಾಗುತ್ತದೆ. ಅವು ಒಂದಕ್ಕೊಂದು ಏನು ಮಾಡುತ್ತವೆ ಎಂಬುದನ್ನು ನೋಡಬೇಕು.

ನಾನದನ್ನು ನೋಡಿದ್ದು ನಿವೃತ್ತಿಯ ಮರುವರ್ಷ, ಪರವಾನಗಿ ಪಡೆದು ಕಡಮತ್‌ಗೆ ಹೋದಾಗ. ದಿಬ್ಬದ ಒಳಗಡೆ ಆಳವಿಲ್ಲದ ಹಸಿರು ನೀರು. ಅದಕ್ಕೆ ಲಗೂನು ಎನ್ನುತ್ತಾರೆ. ಮುಖವನ್ನು ನೀರಿಗಿಟ್ಟರೆ ಕರಕರ ಸದ್ದು ಕೇಳುತ್ತದೆ. ಗಿಳಿಮೀನುಗಳು ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳವನ್ನು ಕೆರೆಯುತ್ತಿದ್ದವು. ಪಾಚಿಯನ್ನು ಅರಗಿಸಿಕೊಂಡು ಉಳಿದದ್ದನ್ನು ಬಿಳಿ ಮರಳಾಗಿ ಹೊರಹಾಕುತ್ತವೆ. ದ್ವೀಪದ ನೆಲ ಎಂದರೆ ಬಹುಪಾಲು ಇಂಥ ಹವಳದ ಮರಳೇ. ಅದರೊಳಗೆ ಇಳಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತದೆ; ಬಾವಿಗಳಿಗೆ ಸಿಕ್ಕುವುದು ಅಷ್ಟೇ. ಬಿಸಿಲು ಮರಳನ್ನು ಸುಡದಂತೆ ಕಾಯುವುದು ಮರಗಳು. ಅವುಗಳ ಉದುರಿದೆಲೆಯಿಂದಲೇ ಅಲ್ಲಿ ಮಣ್ಣೆಂಬುದು ಹುಟ್ಟಿದೆ. ತೆಂಗಿನ ಸಿಪ್ಪೆಯನ್ನು ದಡದ ಮರಳಲ್ಲಿ ಹೂತು, ಲಗೂನಿನ ಉಪ್ಪುನೀರಿನಲ್ಲೇ ತಿಂಗಳುಗಟ್ಟಲೆ ಕೊಳೆಸಿ ನಾರು ತೆಗೆಯುತ್ತಾರೆ. ಹಿಂದೆ ಆ ಹುರಿಯಿಂದಲೇ ಹಲಗೆಗಳನ್ನು ಹೊಲಿದು ಹಡಗು ಕಟ್ಟುತ್ತಿದ್ದರು, ಹವಳದ ಕಲ್ಲಿನಿಂದ ಮನೆಯ, ಮಸೀದಿಯ ಗೋಡೆ ಏಳುತ್ತಿತ್ತು. ಒಂದು ಮನೆಯ ಹಿತ್ತಲಲ್ಲಿ ಜೀಗುಜ್ಜೆ ಮರ ಕಂಡು ನಿಂತುಬಿಟ್ಟೆ. ಕನ್ನಡದಲ್ಲಿ ಅದಕ್ಕೆ ದೀವಿಹಲಸು ಎಂಬ ಹೆಸರೂ ಇದೆ, ದೀವಿ ಎಂದರೆ ದ್ವೀಪ. ಅಮ್ಮ ವಾರಕ್ಕೊಮ್ಮೆ ಅದರ ಪೋಡಿ ಕಾಯಿಸುತ್ತಿದ್ದರೂ ಆ ಹೆಸರಿನ ಅರ್ಥ ನನಗೆ ಹೊಳೆದದ್ದು ಅಲ್ಲಿ.

ಮರ ಹವಳಕ್ಕೇನು ಕೊಡುತ್ತದೆ? ಚಾಗೋಸ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಸೊಗಸಾದ ಉತ್ತರ ಕೊಟ್ಟಿತು. ಇಲಿಗಳಿಲ್ಲದ ದ್ವೀಪಗಳ ಮರಗಳಲ್ಲೂ ನೆಲದಲ್ಲೂ ಕಡಲಹಕ್ಕಿಗಳು ತುಂಬಿರುತ್ತವೆ. ಅವು ದೂರದ ಕಡಲಲ್ಲಿ ಮೀನು ತಿಂದು ಬಂದು ಇಲ್ಲಿ ಹಿಕ್ಕೆ ಹಾಕುತ್ತವೆ, ಮಳೆ ಆ ಗೊಬ್ಬರವನ್ನು ನೀರಿಗಿಳಿಸುತ್ತದೆ. ಅಂಥ ದ್ವೀಪಗಳ ಸುತ್ತಲಿನ ದಿಬ್ಬದಲ್ಲಿ ಮೀನಿನ ಒಟ್ಟು ತೂಕ ಸುಮಾರು ಅರ್ಧದಷ್ಟು ಹೆಚ್ಚಿತ್ತು. ಇಲಿಗಳು ಹಡಗಿನೊಡನೆ ಬಂದು ಮೊಟ್ಟೆ ತಿಂದ ಕಡೆ ಆ ಗೊಬ್ಬರವಿಲ್ಲ. ಚಾಗೋಸ್‌ನಲ್ಲಿ ಹಿಂದೆ ಮೂಲದ ಕಾಡು ಕಡಿದು ತೆಂಗು ಹಾಕಿದ್ದೂ ಹಕ್ಕಿಗಳಿಗೆ ಒಳ್ಳೆಯದಾಗಲಿಲ್ಲ. ತೆಂಗು ನನಗೂ ದೇವರಂಥ ಮರ, ಆದರೂ ಇದನ್ನು ಹೇಳಲೇಬೇಕು.

ಹವಳಕ್ಕೆ ತಡೆಯಲಾಗದ್ದು ನೀರಿನ ಬಿಸಿ. ಬೇಸಿಗೆಯ ಮಾಮೂಲಿಗಿಂತ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ಒಳಗಿನ ಪಾಚಿಯನ್ನು ಹೊರಗಟ್ಟಿ ಬಿಳುಚಿಕೊಳ್ಳುತ್ತದೆ. ಬೇಗ ತಂಪಾದರೆ ಬದುಕುತ್ತದೆ, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 24 ವರ್ಷ ಮುಳುಗಿ ಅಳೆದಿದ್ದಾರೆ. 1998ರಲ್ಲಿ ತಳದ ನೂರರಲ್ಲಿ ಸುಮಾರು 37 ಪಾಲು ಜೀವಂತ ಹವಳವಿತ್ತು, ಆ 24 ವರ್ಷಗಳ ಕೊನೆಗೆ 19ರ ಆಸುಪಾಸು. ಹವಳ ಸತ್ತರೆ ಅಲೆಗೆ ತಡೆಯಿಲ್ಲ, ಹೊಸ ಮರಳಿಲ್ಲ. ಬಂಗಾರಂ ಬಳಿಯ ಜನವಸತಿಯಿಲ್ಲದ ಪರಾಲಿ 1 ಎಂಬ ಪುಟ್ಟ ದ್ವೀಪವನ್ನು ಅಲೆ ಕೊರೆದು ಕೊರೆದು ಪೂರ್ತಿ ನುಂಗಿಬಿಟ್ಟಿದೆ. ದಿಬ್ಬ ಕಟ್ಟುವ ಹವಳಕ್ಕೆ ಕಾನೂನಿನಲ್ಲಿ 2001ರಿಂದ ಹುಲಿಗಿರುವಷ್ಟೇ ರಕ್ಷಣೆ ಇದೆ, ಕಾಕ ಕೊಟ್ಟಂಥ ತುಂಡನ್ನು ಈಗ ಯಾರೂ ತರುವ ಹಾಗಿಲ್ಲ. ಆದರೆ ಬಿಸಿಯಾಗುವ ನೀರಿಗೆ ಕಾನೂನಿನ ಬೇಲಿ ಎಲ್ಲಿ?

2024ರ ಏಪ್ರಿಲ್‌ನಲ್ಲಿ ಜಗತ್ತಿನ ಹಲವು ಕಡೆ ಹವಳ ಮತ್ತೆ ಬಿಳುಚುತ್ತಿದೆ ಎಂಬ ಸುದ್ದಿ ಬಂತು. ಮೇ ಮೊದಲ ವಾರ ಧಕ್ಕೆಗೆ ಹೋದೆ. ಮಳೆಗಾಲಕ್ಕೆ ಮೊದಲಿನ ಕೊನೆಯ ಸರಕು ಹೇರುತ್ತಿದ್ದರು: ಜಲ್ಲಿ, ಸಿಮೆಂಟು, ಅಕ್ಕಿ ಮೂಟೆ. ಕಿಲ್ತಾನ್‌ಗೆ ಹೋಗುವ ಮಂಜಿಯ ಖಲಾಸಿ ಹುಡುಗನನ್ನು ವಿಚಾರಿಸಿದೆ. "ಲಗೂನಿನ ಕಲ್ಲು ಬೆಳ್ಳಗಾಗಿದೆ ಟೀಚರ್, ನೀರು ಬಿಸಿ ಉಂಟು. ಒಂದು ಮಳೆ ಬಿದ್ರೆ ನೋಡ್ಬೇಕು" ಎಂದು ಮೂಟೆಯನ್ನು ಹೆಗಲಿಗೇರಿಸಿದ. ಆ ವರ್ಷ ಮೊದಲ ಮಳೆ ಅಂಗಳಕ್ಕೆ ಬಿದ್ದ ರಾತ್ರಿ ನಾನು ಎದ್ದು ಬಾಗಿಲು ತೆರೆದು ನಿಂತಿದ್ದೆ. ತುಳಸಿಕಟ್ಟೆಯ ಬುಡದ ಕಲ್ಲಿನ ಗುಳಿಗಳಲ್ಲಿ ನೀರು ತುಂಬುತ್ತಿತ್ತು.